ತಾಂಬೂಲದ ಗಂಧವೂ ಚನ್ನಗಿರಿಯ ಅಡಿಕೆಯೂ

ಒಂದು ವಸ್ತುವಿನ ಗಂಧ ಬೇರೆ, ಅದರ ವೀರ್ಯ ಬೇರೆ. ಮೂಗಿಗೆ ಹಿತವಾದುದೇ ಮನಸ್ಸನ್ನೂ ಸೆಳೆದು ಹಿಡಿದಿಡುವುದೆಂದು ಲೋಕವು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಪರೀಕ್ಷಿಸಿ ನೋಡಿದರೆ ಕರೆಯುವುದು ಒಂದು, ಕಟ್ಟಿಹಾಕುವುದು ಮತ್ತೊಂದು ಎಂಬುದು ಗೊತ್ತಾಗುವುದು. ಈ ಭೇದವನ್ನು ತಿಳಿಯುವುದಕ್ಕೆ ತಾಂಬೂಲಕ್ಕಿಂತ ಉತ್ತಮವಾದ ದೃಷ್ಟಾಂತವು ದೊರೆಯಲಾರದು. ಎಲೆ, ಅಡಿಕೆ, ಸುಣ್ಣ ಈ ಮೂರರ ಯೋಗವೇ ತಾಂಬೂಲ. ಇದರಲ್ಲಿ ಪರಿಮಳವು ಒಂದು ಸಸ್ಯದ್ದು, ಸೊಕ್ಕು ಮತ್ತೊಂದು ಸಸ್ಯದ್ದು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳಲ್ಲಿ ಅನೇಕಾನೇಕ ಸಂಸಾರಗಳ ಜೀವನವು ಅಡಿಕೆಯನ್ನೇ ನಂಬಿಕೊಂಡಿರುವುದು. ಜಗಳೂರಿನಂತಹ ಬೆದ್ದಲು ಸೀಮೆಯ ರೈತರಲ್ಲಿಯೂ ಕೆಲವರು ಈಚೆಗೆ ಅದರ ಕಡೆಗೆ ತಿರುಗಿರುವರು. ಆದುದರಿಂದ ಅಡಿಕೆಗೆ ಪೇಟೆಯಲ್ಲಿರುವ ಬೇಡಿಕೆಗೆ ಮೂಲವು ಪರಿಮಳವೋ ಸೊಕ್ಕೋ ಎಂಬ ಪ್ರಶ್ನೆಯು ಕೇವಲ ಪಂಡಿತರ ವಿನೋದಕ್ಕೆ ಸಂಬಂಧಿಸಿದುದಲ್ಲ.

೧. ಹೆಸರುಗಳ ವಿಚಾರ

ಸಂಸ್ಕೃತದಲ್ಲಿ ಅಡಿಕೆಗೆ ಪೂಗ, ಕ್ರಮುಕ, ಗುವಾಕ ಎಂಬ ಹೆಸರುಗಳೂ, ವೀಳ್ಯದ ಬಳ್ಳಿಗೆ ನಾಗವಲ್ಲೀ, ತಾಂಬೂಲವಲ್ಲೀ ಎಂಬ ಹೆಸರುಗಳೂ ಪ್ರಸಿದ್ಧವಾಗಿವೆ. ಕನ್ನಡದ ವೀಳೆಯವು ಸಂಸ್ಕೃತದ ವೀಟಿಕಾ ಶಬ್ದದ ಸಂಬಂಧಿ. ಅಡಿಕೆಯೆಂಬುದಾದರೋ ದ್ರಾವಿಡ ಶಬ್ದವೇ ಸರಿ. ತಮಿಳಿನ ಅಡೈಕ್ಕಾಯ್, ಮಲೆಯಾಳದ ಅಡಕ್ಕ ಇವು ಅದರ ಒಡಹುಟ್ಟುಗಳು. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರ ಬಾಯಲ್ಲಿ ಈ ಶಬ್ದವೇ ‘ಅರೆಕ’ ಎಂದಾಯಿತು. ೧೭೫೩ರಲ್ಲಿ ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞನಾದ ಲಿನೇಯಸನು ಈ ಮರಕ್ಕೆ ‘ಅರೆಕ ಕಟೆಚು’ ಎಂದು ನಾಮಕರಣ ಮಾಡಿದನು. ಇದರ ಉತ್ತರಪದವು ಕಾಚಿಗೆ ಸಂಬಂಧಿಸಿದುದು. ಮುಖ್ಯವಾದ ಕಾಚು ಖದಿರ ವೃಕ್ಷದ, ಎಂದರೆ ಕಗ್ಗಲಿಯ, ಕಾಷ್ಠದಿಂದ ಬರತಕ್ಕದ್ದು. ಆದರೆ ಅಡಿಕೆಯನ್ನು ಬೇಯಿಸಿದ ರಸವನ್ನು ಇಂಗಿಸಿದರೂ ಅಂತಹದೇ ಕೆಂಪಾದ ಒಗರು ದ್ರವ್ಯವು ದೊರೆಯುವುದು.

ಶಾಸ್ತ್ರೀಯ ನಾಮಗಳಲ್ಲಿ ಇನ್ನೊಂದು ಕೌತುಕವುಂಟು. ಜರ್ಮನಿಯ ರಸಾಯನಜ್ಞನಾದ ಯಾನ್ಸ್ ಎಂಬಾತನು ೧೮೮೮ರಿಂದ ಕೆಲವು ವರ್ಷಗಳ ವರೆಗೆ ಅಡಿಕೆಯ ಸತ್ತ್ವಗಳನ್ನು ಬೇರ್ಪಡಿಸುತ್ತ ಒಂದಕ್ಕೆ ಅರೆಕೋಲೀನ್ ಎಂದೂ ಮತ್ತೊಂದಕ್ಕೆ ಗುವಾಸೀನ್ ಎಂದೂ ಹೆಸರಿಟ್ಟನು. ಮೊದಲನೆಯದರಲ್ಲಿ ದ್ರಾವಿಡದ ಅಡಿಕೆಯೂ ಎರಡನೆಯದರಲ್ಲಿ ಸಂಸ್ಕೃತದ ಗುವಾಕವೂ ಹುದುಗಿಕೊಂಡಿವೆ.

೨. ಪ್ರಾಚೀನರ ನಿರ್ಣಯ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಬಾಯಿಯ ವೈಶದ್ಯ, ರುಚಿ, ಸೌಗಂಧ್ಯಗಳನ್ನು ಬಯಸುವವನು ಬಾಯಲ್ಲಿ ಇಟ್ಟುಕೊಳ್ಳತಕ್ಕ ದ್ರವ್ಯಗಳನ್ನು ಎಣಿಸುವಾಗ ಜಾಜಿಕಾಯಿ, ಲವಂಗ, ಕಕ್ಕೋಲ, ಕರ್ಪೂರ, ಏಲಕ್ಕಿಗಳೊಡನೆ ಅಡಿಕೆಯನ್ನೂ ವೀಳ್ಯದೆಲೆಯನ್ನೂ ಹೇಳಿದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಯ ಪ್ರಕರಣದಲ್ಲಿ ಇನ್ನೂ ಸೂಕ್ಷ್ಮವಾಗಿ ವಿಚಾರ ಮಾಡಿರುವನು. ಅವನ ಅಭಿಪ್ರಾಯದ ಸಾರವಿದು: ಸುಣ್ಣವು ಹದವಾಗಿದ್ದರೆ ತಾಂಬೂಲಕ್ಕೆ ಬಣ್ಣ ಬರುವುದು, ಅಡಿಕೆ ಹೆಚ್ಚಾದರೆ ಬಣ್ಣ ಕೆಡುವುದು, ಸುಣ್ಣ ಹೆಚ್ಚಾದರೆ ಬಾಯಿ ನಾರುವುದು, ಎಲೆ ಹೆಚ್ಚಾದರೆ ಒಳ್ಳೆಯ ಗಂಧವುಂಟಾಗುವುದು. ಗಂಧದ ಮೂಲವು ಎಲೆಯೇ ಹೊರತು ಅಡಿಕೆಯಲ್ಲವೆಂಬುದು ಇದರಿಂದ ಸ್ಪಷ್ಟ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ತಾಂಬೂಲವನ್ನು ರಾಜಭೋಗಗಳಲ್ಲಿ ಒಂದಾಗಿ ಗಣಿಸಿರುವನು.

ಅಡಿಕೆಯ ವೀರ್ಯವನ್ನು ಕುರಿತು ವೈದ್ಯಗ್ರಂಥಗಳು ಮೌನವಾಗಿಲ್ಲ. ಶಾರ್ಙ್ಗಧರಸಂಹಿತೆಯಲ್ಲಿ ದ್ರವ್ಯಗಳ ಕ್ರಿಯೆಗಳನ್ನು ವರ್ಗೀಕರಿಸುವಾಗ, ಜೀರ್ಣವಾಗುವುದಕ್ಕೆ ಮೊದಲೇ ದೇಹವನ್ನೆಲ್ಲ ವ್ಯಾಪಿಸತಕ್ಕದ್ದು ವ್ಯವಾಯಿ ಎಂದೂ, ಅದಕ್ಕೆ ಉದಾಹರಣೆ ಭಂಗಿ ಮತ್ತು ಅಫೀಮು ಎಂದೂ ಹೇಳಿದೆ. ಅದರ ಬಳಿಯಲ್ಲಿಯೇ, ಸಂಧಿಬಂಧಗಳನ್ನು ಸಡಿಲಗೊಳಿಸಿ ಧಾತುಗಳಿಂದ ಓಜಸ್ಸನ್ನು ಬೇರ್ಪಡಿಸತಕ್ಕದ್ದು ವಿಕಾಶಿ ಎಂದೂ, ಅದಕ್ಕೆ ಉದಾಹರಣೆ ಅಡಿಕೆ ಮತ್ತು ಹಾರಕವೆಂದೂ ಹೇಳಿದೆ. ಭಂಗಿಯನ್ನೂ ಅಡಿಕೆಯನ್ನೂ ಹೀಗೆ ನೆರೆಹೊರೆಯಲ್ಲಿ ಕೂರಿಸಿದುದು ಆಕಸ್ಮಿಕವಲ್ಲ. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿಯೂ ಅಡಿಕೆಗೆ ಕಷಾಯ, ದೀಪನ, ರುಚ್ಯ ಎಂಬ ಗುಣಗಳೊಡನೆ ‘ಮೋಹನ’ವೆಂಬ ಗುಣವನ್ನು ಹೇಳಿದೆ. ಹಸಿಯ ಅಡಿಕೆಯು ಜಠರಾಗ್ನಿಗೂ ದೃಷ್ಟಿಗೂ ಕೆಡುಕೆಂದೂ, ಬೇಯಿಸಿದುದು ತ್ರಿದೋಷಗಳನ್ನು ಕಳೆಯುವುದೆಂದೂ, ನಡುಭಾಗ ಗಟ್ಟಿಯಾದುದು ಉತ್ತಮವೆಂದೂ ಅದೇ ಗ್ರಂಥವು ವಿವರಿಸುವುದು. ಮಲೆನಾಡಿನ ಜನರು ತಲೆ ತಿರುಗಿಸುವ ಅಡಿಕೆಯನ್ನು ಸೊಕ್ಕಡಿಕೆಯೆಂದು ಕರೆಯುವರು. ಶಾಸ್ತ್ರಕಾರರ ಮೋಹನವೂ ಒಕ್ಕಲಿನವರ ಸೊಕ್ಕೂ ಒಂದೇ ಅರ್ಥವನ್ನು ಬೋಧಿಸುವುವು.

೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಅರಮನೆಯಲ್ಲಿ ತನಗೆ ವೀಳ್ಯವನ್ನೂ ಕರ್ಪೂರವನ್ನೂ ಕೊಟ್ಟ ಸಂಗತಿಯನ್ನು ಬರೆದು, ತಾಂಬೂಲವು ಮುಖಕ್ಕೆ ಕಾಂತಿಯನ್ನೂ ಮನಸ್ಸಿಗೆ ಮದ್ಯದಂತಹ ಉಲ್ಲಾಸವನ್ನೂ ಕೊಡುವುದೆಂದು ಆಶ್ಚರ್ಯಪಟ್ಟಿರುವನು. ಹೊಸಬನಾದವನಿಗೆ ಗಂಧ, ಸೊಕ್ಕು ಎರಡೂ ಒಟ್ಟಿಗೆ ಗೋಚರವಾದುದು ಸಹಜವೇ ಆಗಿದೆ.

೩. ಎಲೆಯ ಗಂಧ

ವೀಳ್ಯದೆಲೆಯು ಮೆಣಸಿನ ಬಳ್ಳಿಯ ಕುಲಕ್ಕೆ ಸೇರಿದುದು. ಎಲೆಯನ್ನು ಕೈಯಲ್ಲಿ ಹೊಸಕಿದಾಗ ಹೊರಡುವ ವಾಸನೆಯು ಅದರಲ್ಲಿರುವ ಆವಿಯಾಗುವ ತೈಲದ್ದು. ಈ ತೈಲದಲ್ಲಿ ಮುಖ್ಯವಾದ ದ್ರವ್ಯಗಳು ಯೂಜಿನಾಲ್, ಚಾವಿಬೆಟಾಲ್, ಚಾವಿಕಾಲ್ ಮೊದಲಾದುವು. ಯೂಜಿನಾಲ್ ಎಂಬುದು ಲವಂಗದ ವಾಸನೆಗೂ ಕಾರಣವಾದುದು. ಎಲೆಯನ್ನು ಅಗಿಯುವಾಗ ಲವಂಗದ ನೆನಪಾಗುವುದು ಇದರಿಂದಲೇ.

ಯೂಜಿನಾಲಿಗೂ ಚಾವಿಬೆಟಾಲಿಗೂ ಇರುವ ಸಂಬಂಧವು ವಿಚಾರಯೋಗ್ಯವಾಗಿದೆ. ಎರಡರ ಅಣುವಿನಲ್ಲಿಯೂ ೧೦ ಇಂಗಾಲದ, ೧೨ ಜಲಜನಕದ, ೨ ಆಮ್ಲಜನಕದ ಪರಮಾಣುಗಳು ಇರುವುವು. ಆರು ಇಂಗಾಲಗಳ ಉಂಗುರಕ್ಕೆ ಅಂಟಿಕೊಂಡ ಎರಡು ಪರಮಾಣುಗುಚ್ಛಗಳು ತಮ್ಮ ಸ್ಥಾನವನ್ನು ಪರಸ್ಪರ ಬದಲಾಯಿಸಿಕೊಂಡರೆ ಒಂದು ಇನ್ನೊಂದಾಗುವುದು. ‘ನದೀ’ ಎಂಬುದರ ಅಕ್ಷರಗಳನ್ನು ತಿರುಗಿಸಿದರೆ ‘ದೀನ’ವಾಗುವಂತೆ, ಸಾಮಗ್ರಿ ಒಂದೇ ಆದರೂ ಕ್ರಮಭೇದದಿಂದ ಗುಣಭೇದ ಉಂಟಾಗುವುದು. ಈ ಗುಚ್ಛಗಳಲ್ಲಿ ಒಂದನ್ನು ಕಳೆದುಕೊಂಡ ರೂಪವೇ ಚಾವಿಕಾಲ್.

ಬಳ್ಳಿಯ ತಳಿಯನ್ನು ಅನುಸರಿಸಿ ತೈಲದ ಘಟನೆಯೂ ಬೇರೆಯಾಗುವುದು. ಉತ್ತರ ದೇಶದಲ್ಲಿ ಬಂಗ್ಲಾ ಎಂದು ಕರೆಯುವ ಎಲೆಯಲ್ಲಿ ಯೂಜಿನಾಲಿನ ಪ್ರಾಧಾನ್ಯವಿದ್ದು ಘಾಟು ಹೆಚ್ಚು. ಮೀಠಾ ಎಂಬ ಎಲೆಯಲ್ಲಿ ಸೋಂಪಿನ ವಾಸನೆಗೆ ಕಾರಣವಾದ ಅನೆಥೋಲ್ ಎಂಬ ದ್ರವ್ಯವು ಪ್ರಧಾನ. ಹೆಸರು ಹೇಳುವಂತೆಯೇ ಅದು ಸಿಹಿ. ಕಪೂರಿಯಲ್ಲಿ ಬೇರೊಂದು ವರ್ಗದ ಟರ್ಪಿನೈಲ್ ಅಸಿಟೇಟ್ ಎಂಬುದು ಮುಂದಾಗಿ ನಿಲ್ಲುವುದು. ಕರ್ನಾಟಕದಲ್ಲಿ ಕರಿಯೆಲೆ, ಅಂಬಾಡಿಯೆಲೆ, ಮೈಸೂರೆಲೆ ಎಂಬ ಭೇದಗಳು ಬಳಕೆಯಲ್ಲಿವೆ. ಮೈಸೂರಿನ ವೀಳ್ಯದೆಲೆಗೆ ಭೌಗೋಳಿಕ ಸೂಚಕವೆಂಬ ಕಾನೂನಿನ ಮಾನ್ಯತೆಯೂ ದೊರೆತಿದೆ. ಎಲೆಯ ಪೇಟೆಯಲ್ಲಿ ಬೆಲೆಯನ್ನು ನಿರ್ಣಯಿಸುವುದರಲ್ಲಿ ಗಂಧ, ಮೃದುತ್ವ, ಬಣ್ಣ ಇವುಗಳೇ ಪ್ರಮಾಣ. ಗಂಧವು ಆರಿದ ಎಲೆಗೆ ಗಿರಾಕಿಯಿಲ್ಲ.

೪. ಅಡಿಕೆಯ ಒಗರು ಮತ್ತು ವೀರ್ಯ

ಅಡಿಕೆಯ ಸ್ಥಿತಿಯು ಇದಕ್ಕೆ ವಿಪರೀತವಾದುದು. ಅದರಲ್ಲಿ ಹೇಳಿಕೊಳ್ಳತಕ್ಕ ಪರಿಮಳವಿಲ್ಲ. ಅದರಲ್ಲಿರುವುವು ಮುಖ್ಯವಾಗಿ ಮೂರು: ಟ್ಯಾನಿನ್ ಎಂಬ ಒಗರು ದ್ರವ್ಯಗಳು, ಸ್ವಲ್ಪ ಜಿಡ್ಡು, ಮತ್ತು ಆಲ್ಕಲಾಯ್ಡ್ ಎಂದು ಕರೆಯುವ ಸಸ್ಯಕ್ಷಾರಗಳು. ಒಗರು ಎಳೆಯ ಕಾಯಿಯಲ್ಲಿ ಅಧಿಕವಾಗಿದ್ದು ಕಾಯಿ ಬಲಿತಂತೆಲ್ಲ ಕಡಮೆಯಾಗುವುದು. ಸಸ್ಯಕ್ಷಾರಗಳಲ್ಲಿ ಪ್ರಧಾನವಾದುದು ಅರೆಕೋಲೀನ್. ಇದರ ಪ್ರಮಾಣವು ಅತ್ಯಲ್ಪ. ನೂರು ಭಾಗ ಅಡಿಕೆಯಲ್ಲಿ ಸಾಮಾನ್ಯವಾಗಿ ಒಂದು ಭಾಗವೂ ಇರುವುದಿಲ್ಲ. ಆದರೂ ಮೈ ಬೆಚ್ಚಗಾಗುವುದು, ಬೆವರುವುದು, ಜೊಲ್ಲು ಸುರಿಯುವುದು, ಮನಸ್ಸು ಚುರುಕಾಗುವುದು ಇವೆಲ್ಲ ಮುಖ್ಯವಾಗಿ ಇದರ ಕಾರ್ಯಗಳೇ. ಸುಣ್ಣದ ಸಹಾಯದಿಂದ ಇದು ಬಾಯಿಯ ಒಳಚರ್ಮದ ಮೂಲಕ ಬೇಗನೆ ರಕ್ತಕ್ಕೆ ಸೇರುವುದು. ಅದೇ ಸುಣ್ಣದಿಂದ ಇದರ ಒಂದು ಭಾಗವು ಅರೆಕೈಡೀನ್ ಎಂಬ ಬೇರೊಂದು ದ್ರವ್ಯವಾಗಿ ಮಾರ್ಪಡುವುದು. ತಾಂಬೂಲದ ಕೆಂಪು ಬಣ್ಣವು ಒಗರು ದ್ರವ್ಯಗಳ ಮೇಲೆ ಸುಣ್ಣವು ನಡೆಸಿದ ಕ್ರಿಯೆಯ ಫಲ. ಅರೆಕೋಲೀನು ನರಮಂಡಲದಲ್ಲಿ ಹೊಗೆಸೊಪ್ಪಿನ ನಿಕೋಟೀನ್ ಹಿಡಿಯುವ ಕೆಲವು ಸ್ಥಾನಗಳನ್ನೇ ಹಿಡಿಯುವುದೆಂದು ಅಮೆರಿಕದ ಸಂಶೋಧಕರು ೨೦೧೫ರಲ್ಲಿ ತೋರಿಸಿಕೊಟ್ಟರು. ಅಡಿಕೆಯ ಚಟವು ಸುಲಭವಾಗಿ ಬಿಡದಿರುವುದಕ್ಕೆ ಕಾರಣವು ಇದರಿಂದ ತಿಳಿಯಬರುವುದು.

ಇನ್ನು ಚನ್ನಗಿರಿಯ ಪದ್ಧತಿಯನ್ನು ನೋಡಬಹುದು. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಡುವ ವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ಈಚಿನ ಸಂಗತಿ. ಸೂಳೆಕೆರೆಯೆಂದೂ ಶಾಂತಿಸಾಗರವೆಂದೂ ಪ್ರಸಿದ್ಧವಾದ ಮಹಾತಟಾಕದ ನೀರೂ, ೧೯೬೦ರ ದಶಕದಲ್ಲಿ ಪೂರ್ತಿಗೊಂಡ ಭದ್ರಾ ಜಲಾಶಯದ ನಾಲೆಗಳ ನೀರೂ ಈ ಸೀಮೆಯಲ್ಲಿ ತೋಟಗಳು ಹಬ್ಬುವುದಕ್ಕೆ ಅನುಕೂಲವಾದುವು. ಕರಾವಳಿಯಲ್ಲಿ ಅಡಿಕೆಯನ್ನು ಹಣ್ಣಾಗಲು ಬಿಟ್ಟು, ಸಿಪ್ಪೆಯೊಡನೆ ಬಿಸಿಲಲ್ಲಿ ಒಣಗಿಸಿ, ಬಳಿಕ ಸುಲಿದು ಚಾಲಿಯನ್ನು ಮಾಡುವರು. ಚನ್ನಗಿರಿಯಲ್ಲಿ ಮಲೆನಾಡಿನಂತೆ ಹಸುರುಗಾಯಿಯನ್ನೇ ಕೊಯ್ದು, ಸುಲಿದು, ಹಂಡೆಯಲ್ಲಿ ಬೇಯಿಸಿ ಒಣಗಿಸುವರು. ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಮಂದವಾದುದೇ ಚೊಗರು. ಈ ಚೊಗರನ್ನು ಬಳಿದಾಗ ಅಡಿಕೆಗೆ ಕೆಂಪಾದ ಹೊಳಪು ಬರುವುದು. ಎಳೆಯ ಕಾಯಿಯಿಂದ ಬಲಿತ ಕಾಯಿಯ ವರೆಗಿನ ತಾರತಮ್ಯಕ್ಕೆ ಅನುಗುಣವಾಗಿ ಪೇಟೆಯಲ್ಲಿ ಸರಕು ಎಂಬ ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳು ರೂಢಿಯಲ್ಲಿವೆ. ತೋಟದ ಫಸಲನ್ನು ಮರದ ಮೇಲೆಯೇ ಖೇಣಿಗೆ ಕೊಡುವ ವಾಡಿಕೆಯೂ ಉಂಟು. ಆಗ ಕೊಯ್ಲು, ಬೇಯಿಸುವಿಕೆ ಎಲ್ಲವೂ ಖೇಣಿದಾರನ ಹೊಣೆ. ತುಮ್ಕೋಸ್ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ಚನ್ನಗಿರಿಯ ಬೆಳೆಗಾರರ ಸಹಕಾರ ಸಂಘವು ಇಲ್ಲಿನ ಮಾರಾಟಕ್ಕೆ ದೊಡ್ಡ ಆಸರೆಯಾಗಿದೆ.

ಈ ದರ್ಜೆಗಳನ್ನು ನಿರ್ಣಯಿಸುವಾಗ ವರ್ತಕನು ನೋಡುವುದು ಕಾಯಿಯ ಎಳೆತನ, ಬಣ್ಣ, ಹೊಳಪು, ಒಡೆದಾಗ ಕಾಣುವ ಒಳಗಿನ ಗಟ್ಟಿತನ ಇವುಗಳನ್ನು. ಬೂಷ್ಟಿನ ವಾಸನೆ ಇದೆಯೇ ಎಂದು ಮೂಸುವುದುಂಟು. ಆದರೆ ಅದು ದೋಷಪರೀಕ್ಷೆಯೇ ಹೊರತು ಗುಣಪರೀಕ್ಷೆಯಲ್ಲ. ಎಲೆಯನ್ನು ಪರಿಮಳಕ್ಕಾಗಿ ಕೊಳ್ಳುವರು. ಅಡಿಕೆಯನ್ನು ಪರಿಮಳವಿಲ್ಲದಿದ್ದರೂ ಕೊಳ್ಳುವರು. ಬೇಯಿಸುವಾಗ ಸಸ್ಯಕ್ಷಾರದ ಒಂದು ಭಾಗವು ನೀರಿಗೆ ಇಳಿಯುವುದರಿಂದ ಹಸಿಯ ಅಡಿಕೆಯ ಸೊಕ್ಕು ತಗ್ಗುವುದು. ಬೇಯಿಸಿದ ಅಡಿಕೆಯನ್ನು ಭಾವಪ್ರಕಾಶವು ಹೊಗಳಿದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

೫. ಭಂಗಿಯ ಹೋಲಿಕೆ

ಶಾರ್ಙ್ಗಧರನು ಅಡಿಕೆಯ ನೆರೆಯಲ್ಲಿ ಕೂರಿಸಿದ ಭಂಗಿಯನ್ನು ಇಲ್ಲಿ ಹೋಲಿಕೆಗಾಗಿ ತೆಗೆದುಕೊಳ್ಳಬಹುದು. ಇದು ಹಳೆಯ ಬೆಳೆ. ಪಾಣಿನಿಯು ಎಳ್ಳು, ಉದ್ದು, ಅಗಸೆಗಳ ಹೊಲಕ್ಕೆ ಹೆಸರನ್ನು ಸಾಧಿಸುವ ಸೂತ್ರದಲ್ಲಿಯೇ ಭಂಗಾ ಎಂಬುದನ್ನೂ ಸೇರಿಸಿರುವನು. ಇದರ ಸೊಕ್ಕಿಗೆ ಕಾರಣವಾದ ದ್ರವ್ಯವನ್ನು ೧೯೬೪ರಲ್ಲಿ ಇಸ್ರೇಲಿನ ಗವೋನಿ ಮತ್ತು ಮೆಶೂಲಮ್ ಎಂಬವರು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ನಿರ್ಣಯಿಸಿದರು. ಈ ದ್ರವ್ಯಕ್ಕೆ ವಾಸನೆಯಿಲ್ಲ. ಗಿಡದ ವಾಸನೆಯಾದರೋ ಮಿರ್ಸೀನ್, ಲಿಮೊನೀನ್, ಪೈನೀನ್ ಮುಂತಾದ ಟರ್ಪೀನುಗಳದ್ದು. ಲಿಮೊನೀನು ಕಿತ್ತಳೆಯ ಸಿಪ್ಪೆಯಲ್ಲಿಯೂ ಪೈನೀನು ದೇವದಾರುವಿನ ಬಳಗದ ಮರಗಳ ಅಂಟಿನಲ್ಲಿಯೂ ಹೇರಳವಾಗಿರುವುವು. ಕೆಲವು ತಳಿಗಳ ಕಟುವಾದ ದುರ್ಗಂಧಕ್ಕೆ ಮಾತ್ರ ಟರ್ಪೀನುಗಳು ಕಾರಣವಲ್ಲವೆಂದೂ, ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕಯುಕ್ತ ದ್ರವ್ಯಗಳೇ ಕಾರಣವೆಂದೂ ೨೦೨೧ರಲ್ಲಿ ಅಮೆರಿಕದ ರಸಾಯನಜ್ಞರು ಪ್ರಕಟಿಸಿದರು. ಬೆಳ್ಳುಳ್ಳಿಯ ವಾಸನೆಯೂ ಗಂಧಕಯುಕ್ತ ದ್ರವ್ಯಗಳಿಂದಲೇ ಆದುದು.

ಭಾರತದಲ್ಲಿ ಭಂಗಿಯ ಹೂತೆನೆಯಾದ ಗಾಂಜವನ್ನೂ ಅದರ ಅಂಟಾದ ಚರಸನ್ನೂ ೧೯೮೫ರ ಮಾದಕ ದ್ರವ್ಯಗಳ ಅಧಿನಿಯಮವು ನಿಷೇಧಿಸಿರುವುದು. ೨೦೧೮ರಿಂದ ಕಾನೂನಿನ ಸಮ್ಮತಿಯುಳ್ಳ ಕೆನಡದಂತಹ ದೇಶಗಳಲ್ಲಿಯಾದರೋ ಲೆಮನ್ ಹೇಜ್, ಬ್ಲೂಬೆರಿ, ಸೋರ್ ಡೀಸೆಲ್ ಎಂದು ವಾಸನೆಯನ್ನು ಸೂಚಿಸುವ ಹೆಸರುಗಳನ್ನಿಟ್ಟು ತಳಿಗಳನ್ನು ಮಾರುವರು. ಗಿರಾಕಿಯು ನಿಂಬೆಯ ಗಂಧವನ್ನು ಹೊಗಳಿ ಕೊಳ್ಳುವನು. ಆದರೆ ನಿಂಬೆಯ ಗಂಧವಷ್ಟೇ ಬೇಕಾಗಿದ್ದರೆ ನಿಂಬೆಯೇ ಸಾಕಾಗುತ್ತಿತ್ತಷ್ಟೆ. ಗಂಧದ್ರವ್ಯಗಳು ದೇಹದ ಮೇಲೆ ಯಾವ ಕ್ರಿಯೆಯನ್ನೂ ನಡೆಸವೆಂದು ಇದರ ಅರ್ಥವಲ್ಲ. ಭಂಗಿ, ಮೆಣಸು, ಲವಂಗ, ವೀಳ್ಯ ಇವುಗಳಲ್ಲೆಲ್ಲ ದೊರೆಯುವ ಕ್ಯಾರಿಯೊಫಿಲೀನ್ ಎಂಬುದು ಭಂಗಿಯ ಸತ್ತ್ವಗಳು ಹಿಡಿಯುವ ಎರಡು ಬಗೆಯ ಸ್ಥಾನಗಳಲ್ಲಿ ಒಂದನ್ನು ಹಿಡಿಯುವುದೆಂದು ೨೦೦೮ರಲ್ಲಿ ಗೊತ್ತಾಯಿತು; ಆದರೆ ಸೊಕ್ಕನ್ನುಂಟುಮಾಡುವ ಸ್ಥಾನವು ಅದಲ್ಲ.

ಭಂಗಿಯಲ್ಲಿ ಗಂಧವೂ ಸೊಕ್ಕೂ ಹೂತೆನೆಯ ಒಂದೇ ಸೂಕ್ಷ್ಮಗ್ರಂಥಿಯಲ್ಲಿ ಹುಟ್ಟುವುದರಿಂದ ಅವುಗಳನ್ನು ಬೇರ್ಪಡಿಸುವುದು ಸುಲಭವಲ್ಲ. ತಾಂಬೂಲದಲ್ಲಿ ಅವು ಎರಡು ಸಸ್ಯಗಳಲ್ಲಿ ಹಂಚಿಹೋಗಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಮಾರುವುದು ಸಾಧ್ಯ. ಅಡಿಕೆಯ ಪೇಟೆಯಲ್ಲಿ ನಡೆದುದೂ ಅದೇ.

೬. ಎಲೆಯನ್ನು ಬಿಟ್ಟ ಅಡಿಕೆ

೧೯೭೦ರ ದಶಕದಿಂದೀಚೆಗೆ ಪಾನ್ ಮಸಾಲವೆಂಬ ಸಿದ್ಧವಸ್ತುವು ದೇಶದಲ್ಲೆಲ್ಲ ಹರಡಿತು. ಇದರಲ್ಲಿ ಅಡಿಕೆಯ ಚೂರು, ಕಾಚು, ಸುಣ್ಣ, ಏಲಕ್ಕಿಗಳೂ, ಕೇದಗೆ, ಗಂಧ, ಪುದೀನಗಳ ಪರಿಮಳವನ್ನು ಕೊಡುವ ದ್ರವ್ಯಗಳೂ ಇರುವುವು. ಹಸುರೆಲೆ ಮಾತ್ರ ಇಲ್ಲ. ಎಲೆಯು ಮೂರು ದಿನಕ್ಕೆ ಬಾಡುವ ವಸ್ತು, ಅಡಿಕೆ ಬಾಡುವುದಿಲ್ಲ. ಎಲೆಯ ಸ್ಥಾನದಲ್ಲಿ ಸೀಸೆಯ ಗಂಧವನ್ನು ಇಟ್ಟುದರಿಂದ ತಾಂಬೂಲವು ತಿಂಗಳುಗಟ್ಟಲೆ ಕೆಡದ ಪೊಟ್ಟಣವಾಯಿತು. ಇದಕ್ಕೆ ಹೊಗೆಸೊಪ್ಪು ಸೇರಿದುದೇ ಗುಟ್ಕ. ಮದುವೆಯ ವೀಳ್ಯಶಾಸ್ತ್ರದಲ್ಲಿಯೂ ಊಟದ ತರುವಾಯವೂ ಹಿರಿಯರೆದುರಿನಲ್ಲಿ ಮರ್ಯಾದೆಯಿಂದ ನಡೆಯುತ್ತಿದ್ದ ಕ್ರಿಯೆಯು ದಾರಿಯಲ್ಲಿ ನಡೆಯುವವನ ಕಿಸೆಗೆ ಇಳಿದುಬಂದಿತು. ಮಕ್ಕಳ ಕೈಗೂ ಅದು ಎಟುಕುವಂತಾಯಿತು.

ಚನ್ನಗಿರಿಯ ಬೆಳೆಗಾರನಿಗೆ ಇದರಿಂದ ಲಾಭವೇ ಆಯಿತೆಂಬುದನ್ನು ಮರೆಮಾಡಲಾಗದು. ಕೆಂಪಡಿಕೆಯ ಬಹುಭಾಗವು ಉತ್ತರ ದೇಶದ ಕಾರ್ಖಾನೆಗಳಿಗೆ ಹೋಗುವುದು. ತೋಟದಿಂದ ಬಂದ ಹಣದಲ್ಲಿ ಮನೆಗಳು ಎದ್ದುವು, ಮಕ್ಕಳ ವಿದ್ಯಾಭ್ಯಾಸವು ನಡೆಯಿತು. ಆದರೆ ಬೇಡಿಕೆಯ ಬೇರು ಎಲ್ಲಿದೆಯೆಂಬುದನ್ನೂ ಅರಿಯಬೇಕು. ಪರಿಮಳವು ಗಂಧಿಗನ ಕೈಯಲ್ಲಿದೆ. ಅವನು ಇಂದು ಕೇದಗೆಯನ್ನೂ ನಾಳೆ ಏಲಕ್ಕಿಯನ್ನೂ ಬೆರಸಬಲ್ಲನು. ಬೆಳೆಗಾರನು ಒದಗಿಸುವುದು ಒಗರನ್ನೂ ಮೋಹನವನ್ನೂ ಮಾತ್ರ. ಕಾನೂನಿನ ಕಣ್ಣು ಬೀಳುವುದೂ ಮೋಹನದ ಮೇಲೆಯೇ. ಆಹಾರಪದಾರ್ಥಗಳಲ್ಲಿ ಹೊಗೆಸೊಪ್ಪನ್ನು ಸೇರಿಸಬಾರದೆಂಬ ೨೦೧೧ರ ನಿಯಮವನ್ನು ಆಧಾರವಾಗಿಟ್ಟುಕೊಂಡು ಕರ್ನಾಟಕ ಸರ್ಕಾರವು ೨೦೧೩ರ ಮೇ ತಿಂಗಳಲ್ಲಿ ಗುಟ್ಕವನ್ನು ನಿಷೇಧಿಸಿತು. ಆ ಬಳಿಕ ಪಾನ್ ಮಸಾಲವನ್ನೂ ಹೊಗೆಸೊಪ್ಪನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರುವ ಉಪಾಯವು ಹುಟ್ಟಿಕೊಂಡಿತು. ಇಂತಹ ಒಂದೊಂದು ಆಜ್ಞೆಯ ಸುದ್ದಿಗೂ ಅಡಿಕೆಯ ಧಾರಣೆ ನಡುಗುವುದು ಬೆಳೆಗಾರರಿಗೆ ಅನುಭವಸಿದ್ಧವಾಗಿದೆ.

ದೇಹಾರೋಗ್ಯದ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಬಾಯಿಯ ಒಳಚರ್ಮವು ಬಿಗಿದು ಬಾಯಿ ತೆರೆಯಲಾಗದಂತೆ ಮಾಡುವ ರೋಗವನ್ನು ೧೯೫೨ರಲ್ಲಿ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಸ್ತ್ರೀಯರಲ್ಲಿ ಗುರುತಿಸಿ ವರ್ಣಿಸಿದರು. ಅದಕ್ಕೆ ಅಡಿಕೆಯೇ ಪ್ರಧಾನ ಕಾರಣವೆಂದು ಮುಂದೆ ಸಿದ್ಧವಾಯಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಕೂಡಿದ ತಾಂಬೂಲವು ಅರ್ಬುದಕಾರಕವೆಂದು ೧೯೮೫ರಲ್ಲಿಯೂ, ಹೊಗೆಸೊಪ್ಪಿಲ್ಲದ ತಾಂಬೂಲವೂ ಅಡಿಕೆಯೂ ಅಂತಹವೇ ಎಂದು ೨೦೦೪ರಲ್ಲಿಯೂ ನಿರ್ಣಯಿಸಿತು. ಬೆಳೆಗಾರರ ಕಡೆಯಿಂದ ಇದಕ್ಕೆ ಆಕ್ಷೇಪಗಳು ಬಂದಿರುವುವು. ತಾಂಬೂಲದ ಪುರಾತನತ್ವವನ್ನು ಮುಂದಿಟ್ಟು ವಾದಿಸುವವರೂ ಉಂಟು. ಆದರೆ ಪುರಾತನರು ಹೊಗಳಿದ ತಾಂಬೂಲದಲ್ಲಿ ಎಲೆಯದೇ ಮೇಲುಗೈ. ಅವರು ಅಡಿಕೆಯ ಅತಿಯೋಗವನ್ನು ದೋಷವೆಂದೇ ಎಣಿಸಿದರು. ಎಲೆಯಿಲ್ಲದ ಪೊಟ್ಟಣಕ್ಕೆ ಚರಕನ ಸಾಕ್ಷ್ಯವನ್ನು ತರುವುದು ನ್ಯಾಯವಾಗಲಾರದು. ಎಲೆಯನ್ನು ಕೂಡಿಸಿದ ಮಾತ್ರಕ್ಕೆ ಅಡಿಕೆಯ ದೋಷವು ಕಳೆಯುವುದೆಂದು ಹೇಳುವುದೂ ಅಷ್ಟೇ ತಪ್ಪು.

೭. ಉಪಸಂಹಾರ

ಈ ವಿಚಾರದಿಂದ ಸಿದ್ಧವಾಗುವುದೇನೆಂದರೆ: ತಾಂಬೂಲದಲ್ಲಿ ಗಂಧವು ಎಲೆಯದು, ಬಣ್ಣವು ಒಗರಿನದು, ಬಂಧನವು ಅರೆಕೋಲೀನಿನದು. ಪೇಟೆಯು ಮೊದಲನೆಯದನ್ನು ಮುಂದೆ ಹಿಡಿದು ಮೂರನೆಯದನ್ನು ಮಾರುವುದು. ಇದನ್ನು ತಿಳಿದರೆ ಹೊಸದಾಗಿ ತೋಟವನ್ನು ಹಾಕತಕ್ಕವರಿಗೆ ಪ್ರಯೋಜನವುಂಟು. ಮಳೆ ಕಡಮೆಯಾದ ಜಗಳೂರಿನಲ್ಲಿ ಶೇಂಗಾ, ಮೆಕ್ಕೆಜೋಳಗಳ ಹೊಲವನ್ನು ಬಿಟ್ಟು, ಆಳವಾದ ಕೊಳವೆಬಾವಿಯ ನೀರಿನಿ೦ದ ಅಡಿಕೆಯ ಸಸಿಯನ್ನು ಬೆಳಸುವವನು ಫಲವನ್ನು ಕಾಣುವುದಕ್ಕೆ ಐದಾರು ವರ್ಷ ಬೇಕು. ಮರದ ಆಯುಸ್ಸು ಅದಕ್ಕೂ ಬಹಳ ಹೆಚ್ಚಿನದು. ಅಷ್ಟು ಕಾಲ ನಿಲ್ಲತಕ್ಕ ಮರವನ್ನು ಯಾವ ಬೇಡಿಕೆಯ ಆಧಾರದ ಮೇಲೆ ನೆಡುವೆನೆಂಬುದನ್ನು ಅವನು ವಿಚಾರಿಸಬೇಕು.

ಅಡಿಕೆಯ ಒಗರಿಗೆ ಬಾಯಿಯ ಹೊರಗೂ ಉಪಯೋಗವುಂಟೆಂಬುದು ಸಮಾಧಾನದ ಸಂಗತಿ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಎಂಬ ಮಹಿಳಾ ಸಹಕಾರ ಸಂಘದವರು ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುವರು. ಹಂಡೆಯಲ್ಲಿ ಉಳಿಯುವ ಕೆಂಪು ರಸವು ಚನ್ನಗಿರಿಯಲ್ಲಿಯೂ ಇರುವುದು. ಬಣ್ಣಕ್ಕೂ ಚರ್ಮವನ್ನು ಹದಮಾಡುವುದಕ್ಕೂ ಬೇಕಾದುದು ಒಗರೇ ಹೊರತು ಸೊಕ್ಕಲ್ಲ. ಅಂತಹ ಉಪಯೋಗಗಳು ಇಂದಿನ ಬೇಡಿಕೆಯ ಮುಂದೆ ಅಲ್ಪವೇ ಸರಿ. ಆದರೆ ಒಂದೇ ಕೊಂಬೆಯ ಮೇಲೆ ಮನೆಯ ಭಾರವನ್ನೆಲ್ಲ ಹಾಕುವುದಕ್ಕಿಂತ, ಒಗರಿಗೆ ಬೇರೆ ದಾರಿಯನ್ನು ಈಗಲೇ ಹುಡುಕುವುದು ಬೆಳೆಗಾರರ ಸಂಘಗಳಿಗೂ ಕೃಷಿವಿದ್ಯಾಸಂಸ್ಥೆಗಳಿಗೂ ಉಚಿತವಾದ ಕಾರ್ಯವಾಗಿದೆ.